ವ್ಹಿಸ್ಕಿ ಮಾಡುವ ಹುಡುಗನಿಗೆ ಕನ್ಯೆ ಕೊಡುವಿರಾ?

ಹೋದ ಮಾಘದಲ್ಲಿ ನನ್ನ ಅಕ್ಕನ ಮಗನಿಗೆ ಕನ್ಯೆ ನೋಡಲು ರಾಮದುರ್ಗಕ್ಕೆ ಹೋಗಿದ್ದೆವು. ಹುಡುಗಿ ಲಕ್ಷಣವಾಗಿದ್ದಳು, ಮನೆತನವೂ ಒಳ್ಳೆಯದು. ಅವಲಕ್ಕಿ, ಚಹಾ ಆದ ಮೇಲೆ ಹುಡುಗಿಯ ಆಯಿ, "ತಮ್ಮಾ, ನಿನ್ನ ನೌಕರಿ ಎಲ್ಲಿ?" ಅಂತ ಕೇಳಿದರು. ಅಕ್ಕ ಬಾಯಿ ತೆರೆಯುವುದರೊಳಗೆ ಇವನು, "ಬೆಂಗಳೂರ ಕಡೆ ವ್ಹಿಸ್ಕಿ ತಯಾರಿಸೋ ಕಾರ್ಖಾನ್ಯಾಗ ರೀ ಆಯಿ, ರಸಾಯನಶಾಸ್ತ್ರ ಓದೇನಿ" ಅಂದುಬಿಟ್ಟ. ಮುದುಕಿಯ ಎಲೆ-ಅಡಿಕೆ ಕೈಯಲ್ಲೇ ಉಳಿಯಿತು. ಮೂರನೆಯ ದಿನ, "ಈ ವರ್ಷ ಲಗ್ನ ಮಾಡೂದಿಲ್ಲ" ಎಂದು ಫೋನು ಬಂತು. ಹೀಗೆ ತಪ್ಪಿಹೋದ ಎರಡನೆಯ ಸಂಬಂಧ ಇದು.

ಸೋದರಿಯರೇ, ನನಗೆ ಆ ಆಯಿಯ ಮೇಲೆ ಸಿಟ್ಟು ಬರಲಿಲ್ಲ. ಕುಡಿತದಿಂದ ತಾಳಿಯ ಬಂಗಾರವನ್ನೂ ಮಾರಿಕೊಂಡವರನ್ನು ಮನೋಳಿಯಲ್ಲಿ ನಾನೂ ಕಂಡಿದ್ದೇನೆ. 2007ರ ಜುಲೈ 1ರಿಂದ ಸರಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಓಣಿಯ ಹೆಂಗಸರು ಹಿಗ್ಗಿದ್ದರು. ಪಾಕೀಟು ಹೋಗಿ ಬಾಟಲಿ ಬಂತು, ಅಷ್ಟೇ. ನಾನೇ ಮಗಳ ತಾಯಿಯಾಗಿದ್ದರೆ ಏನು ಹೇಳುತ್ತಿದ್ದೆನೋ! ಆದರೆ ಹುಡುಗ ನನ್ನ ಕೈಯಲ್ಲಿ ಆಡಿದವನು, ಒಂದು ತೊಟ್ಟೂ ಕುಡಿಯದವನು. ರುಚಿ ನೋಡುವವರೇ ಬೇರೆಯಂತೆ. ಇವನದು ಪ್ರಯೋಗಶಾಲೆಯ ಕೆಲಸ.

ಯುಗಾದಿಗೆ ಊರಿಗೆ ಬಂದಾಗ ನಾನು ಮಡಕಿಕಾಳು ಬಟ್ಟೆಯಲ್ಲಿ ಕಟ್ಟುತ್ತ ಕೂತಿದ್ದೆ. ಪಕ್ಕಕ್ಕೆ ಬಂದು, "ಚಿಗವ್ವಾ, ನಮ್ಮದೂ ಇಲ್ಲಿಂದನ ಸುರು" ಅಂದ. ಬಾರ್ಲಿಯನ್ನು ಅಂದರೆ ಜವೆಗೋದಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುತ್ತಾರೆ. ಕೂಸಿಗೆ ನಾವು ರಾಗಿಯ ಮಾಲ್ಟ್ ಮಾಡುವುದಿಲ್ಲವೇ, ಹಾಗೆ. ಮೊಳಕೆಯೊಡೆದ ಕಾಳಿನ ಪಿಷ್ಟ ಬಿಸಿನೀರಿನಲ್ಲಿ ಸಕ್ಕರೆಯಾಗುತ್ತದೆ. ಆ ಸಿಹಿನೀರಿಗೆ ಯೀಸ್ಟ್ ಹಾಕಿ ಹುಳಿಯಲು ಬಿಟ್ಟು, ತಾಮ್ರದ ದೊಡ್ಡ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಮೊದಲು ಇಳಿದದ್ದನ್ನೂ ಕಡೆಯದನ್ನೂ ಬೇರೆ ತೆಗೆದು, ನಡುವಿನದನ್ನು ಮಾತ್ರ ಓಕ್ ಮರದ ಪೀಪಾಯಿಗೆ ತುಂಬುತ್ತಾರೆ. ಇಳಿಯುವಾಗ ಅದಕ್ಕೆ ನೀರಿನದೇ ಬಣ್ಣ. ಹೊಂಬಣ್ಣವೂ ಬಹುಪಾಲು ರುಚಿಯೂ ಮರದ್ದೇ.

"ಹಂಗಾರ ನಮ್ಮೂರಾಗ ಮಾಡೋದು?" ಅಂದೆ. ಮನೋಳಿಯ ಶ್ರೀ ರೇಣುಕಾ ಶುಗರ್ಸ್ ಕಾರ್ಖಾನೆಯಲ್ಲಿ ಸಕ್ಕರೆಯ ಜೊತೆಗೆ ಮದ್ಯಸಾರವೂ ಇಳಿಯುತ್ತದೆಂದು ನಮಗೆಲ್ಲ ಗೊತ್ತು. ಅಲ್ಲಿಯ ಎಥೆನಾಲ್ ಪೆಟ್ರೋಲಿಗೆ ಬೆರೆಸಲು ಹೋಗುತ್ತದೆ. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವಷ್ಟಾಯಿತು. ಆಗ ಅವನು ಹೇಳಿದ ಒಂದು ಸಂಗತಿ ನನಗೆ ತಿಳಿದಿರಲಿಲ್ಲ. ನಮ್ಮ ದೇಶದಲ್ಲಿ 'ವ್ಹಿಸ್ಕಿ' ಎಂದು ಚೀಟಿ ಅಂಟಿಸಿ ಮಾರುವ ಅಗ್ಗದ ಮಾಲಿನಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯಿಂದ ಇಳಿಸಿದ ಮದ್ಯಸಾರವೇ ಇರುತ್ತದಂತೆ. ಯುರೋಪಿನಲ್ಲಿ ಅದನ್ನು ವ್ಹಿಸ್ಕಿ ಎಂದು ಮಾರಲು ಕಾಯ್ದೆ ಬಿಡುವುದಿಲ್ಲ. ಅದು ಧಾನ್ಯದ್ದೇ ಆಗಬೇಕು. ಡಾಲ್ಡಾಕ್ಕೆ ತುಪ್ಪವೆಂದು ಹೆಸರಿಟ್ಟರೆ ನಾವು ಅಂಗಡಿಯವನನ್ನು ಬಿಡುತ್ತೇವೆಯೇ? ಗಂಡಸರು ಮಾತ್ರ ಇದನ್ನು ಕೇಳಿಯೇ ಇಲ್ಲ, ನೋಡಿ!

ಧಾನ್ಯದಿಂದಲೇ ಮಾಡಿ ತೋರಿಸಿದವರು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಸುರು ಮಾಡಿದ ಕಂಪನಿ. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದುವಾಗ, ಭಾರತದ ಸಿಂಗಲ್ ಮಾಲ್ಟ್ ಅಲ್ಲಿ ನಡೆದೀತೇ ಎಂದು ವಿಚಾರಿಸಿ ನೋಡಿದ್ದ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಮಾರಾಟಕ್ಕಿಟ್ಟರು. ಮಾವಿನ ತೋಪಿನವನಿಗೇ ಮಾವಿನಹಣ್ಣು ಮಾರಲು ಹೋದ ಹಾಗೆ! 2010ರಲ್ಲಿ ಜಿಮ್ ಮರ್ರೆ ಎಂಬ ಇಂಗ್ಲಿಷ್ ಪರೀಕ್ಷಕ ತನ್ನ ಪುಸ್ತಕದಲ್ಲಿ ಅವರ 'ಫ್ಯೂಶನ್' ಅನ್ನು ಜಗತ್ತಿನಲ್ಲೇ ಮೂರನೆಯದೆಂದು ಎಣಿಸಿದ.

ನಮ್ಮ ಸೆಕೆಯೂ ಇಲ್ಲಿ ಕೆಲಸ ಮಾಡುತ್ತದೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆರಿಹೋದರೆ ಬೆಂಗಳೂರಿನಲ್ಲಿ 10-12. ಅದಕ್ಕೆ ದೇವತೆಗಳ ಪಾಲು ಅನ್ನುತ್ತಾರಂತೆ. (ನಮ್ಮ ದೇವತೆಗಳಿಗೆ ಈ ಮಾತು ಕೇಳಿಸದಿರಲಿ.) ಆದರೆ ಬೇಗ ಹದವಾಗುತ್ತದೆ, ಅಲ್ಲಿ ಹತ್ತು-ಹನ್ನೆರಡು ವರ್ಷಕ್ಕೆ ಆಗುವುದು ಇಲ್ಲಿ ನಾಲ್ಕೈದಕ್ಕೆ.

ಹುಡುಗನಿಗೆ ಈಗ ಇಂಗ್ಲೆಂಡಿಗೆ ಹೋಗಿ ಸಣ್ಣ ಭಟ್ಟಿಯೊಂದರಲ್ಲಿ ಕೆಲಸ ಕಲಿಯುವ ಆಸೆ. ವ್ಹಿಸ್ಕಿ ಅಂದರೆ ಸ್ಕಾಟ್ಲೆಂಡ್ ಎಂದು ನಾನು ತಿಳಿದಿದ್ದೆ. ಇಂಗ್ಲೆಂಡಿನಲ್ಲಿ ಅದು ನಿಂತುಹೋಗಿ ನೂರು ವರ್ಷವಾಗಿತ್ತು. 2006ರಲ್ಲಿ ನಾರ್ಫೋಕ್ ಎಂಬ ಬಾರ್ಲಿ ಬೆಳೆಯುವ ಸೀಮೆಯಲ್ಲಿ ನೆಲ್‌ಸ್ಟ್ರಾಪ್ ಎಂಬ ಒಕ್ಕಲುತನದ ಮನೆಯ ತಂದೆ-ಮಗ ಮತ್ತೆ ಭಟ್ಟಿ ಹೂಡಿದರು. ಮೂರು ವರ್ಷ ಪೀಪಾಯಿಯಲ್ಲಿ ಇಡದ ಹೊರತು ಆ ಹೆಸರಿನಿಂದ ಮಾರುವ ಹಾಗಿಲ್ಲ. ಹೀಗಾಗಿ ಮೊದಲ ಬಾಟಲಿ ಬಂದದ್ದು 2009ಕ್ಕೆ. ಈಗ ಅಂಥವು ಐವತ್ತರ ಆಸುಪಾಸು ಇವೆ.

"ಮೂರು ವರ್ಷ ಹೊಟ್ಟಿಗೇನು?" ಎಂದು ಕೇಳಿದೆ. ಸಂಸಾರ ತೂಗಿಸುವವಳಿಗೆ ಮೊದಲು ಹೊಳೆಯುವುದು ಅದೇ ಅಲ್ಲವೇ? ಕೆಲವರು ಕೂಡಲೇ ಮಾರಬಹುದಾದ ಜಿನ್ ಮಾಡುತ್ತಾರೆ, ಕೆಲವರು ಭಟ್ಟಿ ನೋಡಬಂದವರಿಂದ ಟಿಕೀಟಿನ ಹಣ ಪಡೆಯುತ್ತಾರೆ. ಮೇಲೆ ತೆರಿಗೆಯ ಭಾರ, ಇಂಧನದ ಖರ್ಚು. ಸಾಲದ್ದಕ್ಕೆ ಸ್ಕಾಟ್ಲೆಂಡಿನವರೊಡನೆ ಹೆಸರಿನ ಜಗಳ. ಕಾಳು ಕುದಿಸುವುದರಿಂದ ಭಟ್ಟಿ ಇಳಿಸುವವರೆಗೆ ಎಲ್ಲವೂ ಒಂದೇ ಕಡೆ ಆದರೇನೇ ಸಿಂಗಲ್ ಮಾಲ್ಟ್ ಎಂದು ಅವರು. ಅಷ್ಟು ಬಿಗಿ ಬೇಡವೆಂದು ಇವರು. 2025ರ ಜುಲೈಯಲ್ಲಿ ಭಾರತ-ಬ್ರಿಟನ್ ಸಹಿ ಹಾಕಿದ ಒಪ್ಪಂದದಲ್ಲಿ ಅವರ ವ್ಹಿಸ್ಕಿಯ ಮೇಲಿನ ಶೇ. 150 ಸುಂಕವನ್ನು ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುವ ಕರಾರಿದೆ. ಇದರಿಂದ ಅವರಿಗೆ ಲಾಭ. ನಮ್ಮ ಹುಡುಗನ ಕಾರ್ಖಾನೆಗೆ ಪೈಪೋಟಿ. ಅವನು ಮಾತ್ರ, "ಒಳ್ಳೇದು ಮಾಡಿದ್ರ ಯಾಕ ಅಂಜಬೇಕು, ಚಿಗವ್ವಾ?" ಅನ್ನುತ್ತಾನೆ.

ಕುಡಿತದ ಬಗ್ಗೆ ನನ್ನ ಮನಸ್ಸು ಬದಲಾಗಿಲ್ಲ, ಅವನಿಗೂ ಹಾಗೆಂದೇ ಹೇಳಿದೆ. ಬರುವ ರವಿವಾರ ಗೋಕಾಕದಿಂದ ಕನ್ಯೆಯ ಕಡೆಯವರು ಬರುವವರಿದ್ದಾರೆ. "ಔಷಧದ ಕಂಪನಿ ಅಂತ ಹೇಳೋಣೇನ?" ಎಂದು ಅಕ್ಕ ನನ್ನನ್ನು ಕೇಳಿದಳು. ಚೀಟಿಯ ಮೇಲೆ ಒಂದು, ಒಳಗೆ ಒಂದು ಬೇಡವೇ ಬೇಡ ಎಂದೆ. ಈಗ ಅವಳಿಗೆ ನನ್ನ ಮೇಲೇ ಸಿಟ್ಟು. ಆದರೂ ರವಿವಾರದ ಕಡಬು ನೀನೇ ಮಾಡಬೇಕು ಎಂದು ಹೇಳಿಕಳಿಸಿದ್ದಾಳೆ.