ತೋರಿಸಲಾಗದ ಚಿತ್ರ

ಸಿನಿಮಾದಲ್ಲಿ ಕಳ್ಳ ಜಾಣನಾಗಿದ್ದರೆ ನಾವು ಚಪ್ಪಾಳೆ ತಟ್ಟುತ್ತೇವೆ. ನಾನೂ ತಟ್ಟಿದ್ದೇನೆ. ಅದೇ ಕುತೂಹಲದಿಂದ ಆಡಂ ವರ್ತ್ ಎಂಬ ಅಮೆರಿಕದ ಕಳ್ಳನ ಬದುಕನ್ನು ಓದಲು ಕುಳಿತೆ. ಓದಿ ಮುಗಿಸಿದಾಗ ಚಪ್ಪಾಳೆ ತಟ್ಟುವ ಮನಸ್ಸಾಗಲಿಲ್ಲ.

ವರ್ತ್ ಹುಟ್ಟಿದ್ದು 1844ರಲ್ಲಿ, ಜರ್ಮನಿಯಲ್ಲಿ. ಅವನು ಚಿಕ್ಕವನಿರುವಾಗಲೇ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಮುಂದೆ ಅಲ್ಲಿನ ಅಂತರ್ಯುದ್ಧದಲ್ಲಿ ಸೈನಿಕನಾದ. 1862ರ ಕದನವೊಂದರ ನಂತರ ಸತ್ತವರ ಪಟ್ಟಿಯಲ್ಲಿ ತಪ್ಪಾಗಿ ಅವನ ಹೆಸರು ಸೇರಿತು. ಆಗ ಸೇನೆಗೆ ಸೇರುವವರಿಗೆ ಪ್ರೋತ್ಸಾಹಧನ ಸಿಗುತ್ತಿತ್ತು. ವರ್ತ್ ಬೇರೆ ಬೇರೆ ಹೆಸರಿನಲ್ಲಿ ಸೇರಿ, ಹಣ ಪಡೆದು ಓಡಿಹೋಗತೊಡಗಿದ. ಮೋಸದ ಬದುಕು ಹೀಗೆ ಆರಂಭವಾಯಿತು.

1869ರಲ್ಲಿ ಅವನ ತಂಡ ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬ್ಯಾಂಕಿನ ಪಕ್ಕದ ಕಟ್ಟಡವನ್ನು ಬಾಡಿಗೆಗೆ ಹಿಡಿಯಿತು. ಹೊರಗಿನವರಿಗೆ ಅದು ಟಾನಿಕ್ ಮಾರುವ ಅಂಗಡಿ. ಒಳಗೆ ನಡೆಯುತ್ತಿದ್ದದ್ದು ಗೋಡೆ ಕೊರೆಯುವ ಕೆಲಸ. ದೋಚಿದ ಹಣದೊಂದಿಗೆ ವರ್ತ್ ಇಂಗ್ಲೆಂಡಿಗೆ ಪರಾರಿಯಾದ. ಆಗಷ್ಟೇ ತೀರಿಕೊಂಡಿದ್ದ ಪತ್ರಿಕಾ ಸಂಪಾದಕ ಹೆನ್ರಿ ರೇಮಂಡ್ ಅವರ ಹೆಸರನ್ನೇ ತನ್ನದಾಗಿಸಿಕೊಂಡು, ಲಂಡನ್ನಿನಲ್ಲಿ ಗಣ್ಯ ವ್ಯಕ್ತಿಯಂತೆ ಬಾಳಿದ.

1876ರ ಮೇ ತಿಂಗಳ ಒಂದು ರಾತ್ರಿ ಲಂಡನ್ನಿನ ಗ್ಯಾಲರಿಯೊಂದಕ್ಕೆ ನುಗ್ಗಿ, ಗೇನ್ಸ್‌ಬರೋ ಬರೆದ ಡೆವನ್‌ಶೈರ್ ಡಚೆಸ್‌ಳ ಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿ ಒಯ್ದ. ಕೆಲವೇ ದಿನಗಳ ಹಿಂದೆ ಹರಾಜಿನಲ್ಲಿ ಅದು 10,000 ಗಿನಿಗೂ ಹೆಚ್ಚು ಬೆಲೆಗೆ ಹೋಗಿತ್ತು. ಜೈಲಿನಲ್ಲಿದ್ದ ತಮ್ಮನನ್ನು ಬಿಡಿಸಲು ಚಿತ್ರವನ್ನು ಬಳಸುವುದು ಅವನ ಯೋಜನೆ. ಆದರೆ ತಮ್ಮ ಬೇರೆ ದಾರಿಯಲ್ಲೇ ಬಿಡುಗಡೆಯಾದ. ಚಿತ್ರ ಕೈಯಲ್ಲೇ ಉಳಿಯಿತು.

ಇನ್ನು ಅದನ್ನು ಮಾರುವಂತಿಲ್ಲ, ಎಲ್ಲರಿಗೂ ಗೊತ್ತಿರುವ ಚಿತ್ರ. ಗೋಡೆಗೆ ತೂಗುಹಾಕುವಂತಿಲ್ಲ. ಸುಮಾರು 25 ವರ್ಷ ಅದನ್ನು ಬಚ್ಚಿಟ್ಟುಕೊಂಡೇ ಬದುಕಿದ. ನಡುವೆ 1892ರಲ್ಲಿ ಬೆಲ್ಜಿಯಂನಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ. ಕೊನೆಗೆ 1901ರಲ್ಲಿ ಪಿಂಕರ್ಟನ್ ಎಂಬ ಪತ್ತೇದಾರರ ಮೂಲಕ ಚಿತ್ರವನ್ನು ಹಿಂದಿರುಗಿಸಿದ. ಮರುವರ್ಷ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಅವನನ್ನು ಹೂಳಿದ್ದೂ ಆ ಕದ್ದ ಹೆಸರಿನಲ್ಲೇ.

ಇದನ್ನು ಓದುವಾಗ ನನ್ನ ರಸಾಯನಶಾಸ್ತ್ರದ ರೆಕಾರ್ಡ್ ನೆನಪಾಯಿತು. ಕಳೆದ ವರ್ಷ ಒಂದು ಪ್ರಯೋಗದ ರೀಡಿಂಗ್‌ಗಳನ್ನು ಗೆಳೆಯನದ್ದು ನೋಡಿ ಬರೆದಿದ್ದೆ. ಸರ್ ಮೆಚ್ಚಿ ಸಹಿ ಹಾಕಿದರು. ಆದರೆ ಮೌಖಿಕ ಪರೀಕ್ಷೆಯ ದಿನ, ಎಲ್ಲಿ ಅದೇ ಪುಟ ತೆರೆಯುತ್ತಾರೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತೆರೆಯಲಿಲ್ಲ. ನಾನು ಸಿಕ್ಕಿಬೀಳಲಿಲ್ಲ. ಆದರೂ ಆ ರೆಕಾರ್ಡನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ಈ ವರ್ಷ ಟೈಟ್ರೇಷನ್ ಮೂರು ಸಲ ಮಾಡಿದರೂ ಉತ್ತರ ಸರಿ ಬರಲಿಲ್ಲ. ಬಂದದ್ದನ್ನೇ ಬರೆದೆ. ಸರ್ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ತಪ್ಪಾದದ್ದು ಎಲ್ಲಿ ಎಂದು ಹೇಳಿಕೊಟ್ಟರು. ಆ ಪುಟವನ್ನು ಯಾರು ಕೇಳಿದರೂ ತೋರಿಸುತ್ತೇನೆ.