ಇಟ್ಟಿಗೆಯ ಬಣ್ಣ ಇಟ್ಟಿಗೆಯಲ್ಲೇ ಇದೆ

ಸೌದೆ ಒಲೆಯ ಹಿಂದಿನ ಇಟ್ಟಿಗೆ ಗೋಡೆ ಎರಡು ಬಗೆಯಲ್ಲಿ ಬಣ್ಣಗೆಡುತ್ತದೆ. ಮೇಲ್ಭಾಗಕ್ಕೆ ಹೊಗೆಮಸಿ ಹತ್ತುತ್ತದೆ, ಬುಡದಲ್ಲಿ ಬಿಳಿ ಉಪ್ಪು ಬಿರಿಯುತ್ತದೆ. ಗ್ಯಾಸ್ ಬಂದು ಒಲೆ ಆರಿದ ಮೇಲೆ ಬಳ್ಳಾರಿ ಸೀಮೆಯ ಹಳೆಯ ಮನೆಗಳಲ್ಲಿ ಇಂಥ ಗೋಡೆಯನ್ನು ಚೊಕ್ಕ ಮಾಡುವ ಯೋಚನೆ ಬಂದರೆ, ಥಟ್ಟನೆ ನೆನಪಾಗುವುದು ಆಸಿಡ್ ಅಥವಾ ಆಯಿಲ್ ಪೇಂಟ್. ಎರಡನ್ನೂ ದೂರವಿಡಬೇಕು. ಇಟ್ಟಿಗೆಯ ಕೆಂಪು, ಸುಟ್ಟ ಮಣ್ಣಿನೊಳಗಿನ ಕಬ್ಬಿಣದ ಆಕ್ಸೈಡ್‌ನದು. ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿದ್ದೂ ಅದೇ. ಭಟ್ಟಿಯ ಬೆಂಕಿಯಲ್ಲಿ ಹುಟ್ಟಿದ ಆ ಬಣ್ಣ ಒಲೆಯ ಉರಿಗೆ ಮಾಸುವುದಿಲ್ಲ, ಮರೆಯಾಗುತ್ತದೆ ಅಷ್ಟೆ.

ಮಸಿ ಎಂದರೆ ಇಂಗಾಲ. ಆಸಿಡ್‌ಗೆ ಅದು ಕರಗದು. ಕರಗುವುದು ಇಟ್ಟಿಗೆಗಳ ನಡುವಿನ ಸುಣ್ಣದ ಗಾರೆ. ಆಮೇಲೆ ಉಳಿಯುವ ಕ್ಲೋರೈಡ್ ಗಾಳಿಯ ತೇವವನ್ನು ಹೀರಿ ಗೋಡೆಗೆ ಹೊಸ ಉಪ್ಪು ಸೇರಿಸುತ್ತದೆ. ಉಪ್ಪಿನ ಕಾಟವಂತೂ ಇಲ್ಲಿ ಮೊದಲೇ ಇದೆ. ತುಂಗಭದ್ರಾ ಕಾಲುವೆ ನೀರು ಹರಿಯುವ ಸಿರುಗುಪ್ಪದ ಎರೆಭೂಮಿಯಲ್ಲಿ ಬಸಿಗಾಲುವೆ ಸಾಲದ ಕಡೆ ಅಂತರ್ಜಲ ಮೇಲೇರಿ ಹೊಲ ಸವಳಾಗುತ್ತದೆ. ಅಂಥ ನೆಲದ ತೇವ ಗೋಡೆಯನ್ನೂ ಏರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಮೇಲೆ ಆಯಿಲ್ ಪೇಂಟ್ ಬಳಿದರೆ ಆ ಹರಳು ಪದರದ ಹಿಂದೆ ಬೆಳೆದು, ಪೇಂಟಿನ ಜೊತೆ ಇಟ್ಟಿಗೆಯ ಚರ್ಮವನ್ನೂ ಕಿತ್ತು ತರುತ್ತದೆ. ಬಣ್ಣ ನಿಜವಾಗಿ ಹಾಳಾಗುವುದು ಆಗಲೇ.

ಆದ್ದರಿಂದ ಮೊದಲು ತೇವದ ದಾರಿ ಮುಚ್ಚಬೇಕು: ಸೋರುವ ನಲ್ಲಿ, ಗೋಡೆಯ ಬುಡದಲ್ಲಿ ನಿಲ್ಲುವ ಬಚ್ಚಲ ನೀರು. ಕುರುಗೋಡಿನಂತೆ ಗ್ರಾನೈಟ್ ಗುಡ್ಡಗಳಿರುವ ಕಡೆ ಕಲ್ಲಿನ ಬುನಾದಿ ನೆರವಾದರೂ ಅದರ ಸಂದಿಯ ಗಾರೆ ತೇವ ಎಳೆಯುತ್ತದೆ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಿ ಗುಡಿಸಿ ತೆಗೆಯಬೇಕು. ನೀರು ಸುರಿದರೆ ಅದು ಕರಗಿ ಮತ್ತೆ ಒಳಗಿಳಿಯುತ್ತದೆ. ಮಸಿಗೂ ಮೊದಲು ಒಣ ಬ್ರಷ್, ಬಳಿಕ ಪಾತ್ರೆ ತೊಳೆಯುವ ಸೌಮ್ಯ ಸೋಪಿನ ನೊರೆ, ಕೊನೆಗೆ ಹಿಂಡಿದ ಬಟ್ಟೆ. ತಂತಿ ಬ್ರಷ್ ಬೇಡ. ಸವಳು ಬೋರ್ ನೀರೂ ಬೇಡ, ಸಿಹಿನೀರೇ ಬೇಕು. ಮೂಲೆಯ ಒಂದು ಇಟ್ಟಿಗೆಯ ಮೇಲೆ ನೋಡಿಕೊಂಡು ಮುಂದುವರಿಯುವುದು ಕ್ಷೇಮ.

ಇಷ್ಟು ತಾಳ್ಮೆ ಯಾರಿಗಿದೆ, ಪೇಂಟ್ ಒಂದೇ ದಿನದ ಕೆಲಸವಲ್ಲವೇ ಎನ್ನಬಹುದು. ದಿನದ ಲೆಕ್ಕ ಸರಿ. ಆದರೆ ತೇವವಿರುವ ಗೋಡೆಯಲ್ಲಿ ಆ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಪ್ರತಿ ಸಲವೂ ಇಟ್ಟಿಗೆ ಸವೆಯುತ್ತದೆ. ಆಳಕ್ಕಿಳಿದ ಕಲೆ ಹೋಗದಿದ್ದರೆ ಏನು ಗತಿ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಂಥಲ್ಲಿ ಸುಣ್ಣದ ತಿಳಿಗೆ ಕೆಮ್ಮಣ್ಣು ಬೆರೆಸಿ ತೆಳುವಾಗಿ ಬಳಿಯಬಹುದು. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ, ಬೇಡವೆನಿಸಿದರೆ ಉಜ್ಜಿ ತೆಗೆಯಲೂ ಬರುತ್ತದೆ. ಹಳೆಯ ಗೋಡೆಗೆ ಏನು ಮಾಡಿದರೂ ಮುಂದಿನವರು ತಿದ್ದಿಕೊಳ್ಳುವಂತಿರಬೇಕು. ಆಸಿಡ್ ತಿಂದ ಗಾರೆಯನ್ನೂ ಪೇಂಟ್ ಕಿತ್ತ ಇಟ್ಟಿಗೆಯನ್ನೂ ಯಾರೂ ಮರಳಿ ತರಲಾರರು.