ಹಿರಿಯರ ಹಿತನುಡಿಯೂ ಕಿರಿಯರ ಸಾಲವೂ

ಮನುಷ್ಯನು ಋಣಗಳೊಡನೆಯೇ ಹುಟ್ಟುತ್ತಾನೆಂಬುದು ಪೂರ್ವಿಕರ ಎಣಿಕೆ. ದೇವಋಣ, ಋಷಿಋಣ, ಪಿತೃಋಣಗಳೆಂದು ಅವರು ಅದನ್ನು ಮೂರಾಗಿ ವಿಂಗಡಿಸಿದರು. ತಂದೆ ಮಾಡಿದ ಹಣದ ಸಾಲವನ್ನು ತೀರಿಸುವುದೂ ಮಗನ ಧರ್ಮವೆಂದು ಸ್ಮೃತಿಕಾರರು ವಿಧಿಸಿದರು. ಜೂಜು, ಮದ್ಯಪಾನಾದಿಗಳಿಗಾಗಿ ಮಾಡಿದುದನ್ನು ಮಾತ್ರ ಬಿಟ್ಟರು. ಈ ವಿಧಿಯನ್ನು ನ್ಯಾಯಾಲಯಗಳೂ ಬಹುಕಾಲ ಮನ್ನಿಸಿದವು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯು ಅನಂತರದ ಸಾಲಗಳ ಮಟ್ಟಿಗೆ ಈ ಹೊಣೆಯನ್ನು ತೆಗೆದುಹಾಕಿತು. ತಂದೆಯಿಂದ ಬಂದ ಆಸ್ತಿಯ ಮೇಲಿನ ಹೊಣೆ ಬೇರೆಯ ಮಾತು. ಆದರೆ ಯಾವ ಕಾಯಿದೆಯೂ ತೆಗೆಯಲಾರದ ಇನ್ನೊಂದು ಪಿತ್ರಾರ್ಜಿತವುಂಟು. ಅದು ಹಣವನ್ನು ಕುರಿತು ಮನೆಯಲ್ಲಿ ಕೇಳಿದ ನುಡಿ ಮತ್ತು ಕಂಡ ನಡೆ.

ನುಡಿಗೆ ನಮ್ಮ ನಾಡಿನಲ್ಲಿ ಬಡತನವಿಲ್ಲ. ‘ಹಾಸಿಗೆಯಿದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕೇಳದ ಮಗುವಿಲ್ಲ. ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿ ಶಾಲೆಯ ಬಾಲಕನಿಗೂ ಕಂಠಪಾಠ. ಆದರೆ ಅದೇ ಮನೆಯಲ್ಲಿ ಮಗಳ ಮದುವೆ ಬಂದಿತೆಂದರೆ ‘ನಾಲ್ಕು ಜನ ಏನೆಂದಾರು’ ಎಂಬ ಮಾತು ಗಾದೆಯನ್ನು ಹಿಂದಕ್ಕೆ ತಳ್ಳುತ್ತದೆ. ಹೊಲ ಒತ್ತೆ ಬೀಳುತ್ತದೆ. ಕಿವಿಗೆ ಒಂದು ಪಾಠ, ಕಣ್ಣಿಗೆ ಇನ್ನೊಂದು. ಮಗು ಕಣ್ಣಿನ ಪಾಠವನ್ನೇ ಕಲಿಯುತ್ತದೆ. ದೊಡ್ಡವನಾದ ಮೇಲೆ ಗಾದೆಯನ್ನು ತಾನೂ ಹೇಳುತ್ತಾನೆ, ಸಾಲವನ್ನೂ ಮಾಡುತ್ತಾನೆ.

ಇನ್ನೊಂದು ಬಗೆಯ ಬುದ್ಧಿವಾದ ಇದಕ್ಕಿಂತ ಸೂಕ್ಷ್ಮವಾದುದು. ‘ಸಾಲವೆಂದರೆ ಮಾನಹಾನಿ’ ಎಂದಷ್ಟೇ ಕೇಳಿ ಬೆಳೆದವನು ಸಾಲವನ್ನು ತಪ್ಪಿಸಿಕೊಳ್ಳುತ್ತಾನೆಂದು ಹೇಳಲಾಗದು. ರೋಗವೋ ಬರಗಾಲವೋ ಬಂದಾಗ ಅವನೂ ಕೈಚಾಚಬೇಕಾಗುತ್ತದೆ; ಆದರೆ ಯಾರಿಗೂ ತಿಳಿಯದಂತೆ ಚಾಚುತ್ತಾನೆ. ಬ್ಯಾಂಕಿನಲ್ಲಿ ಕಾಗದಪತ್ರ, ಜಾಮೀನು ಕೇಳುತ್ತಾರೆ, ಸುದ್ದಿ ಹಬ್ಬೀತು ಎಂದು ಅಂಜಿ, ಗುಟ್ಟಾಗಿ ಕೊಡುವ ಕೈಸಾಲದವನ ಬಾಗಿಲಿಗೆ ಹೋಗುತ್ತಾನೆ. ಹೆಂಡತಿಗೂ ಹೇಳುವುದಿಲ್ಲ. ಮೊದಲ ಸಾಲವನ್ನು ಮರೆಮಾಡಲು ಎರಡನೆಯದು ಹುಟ್ಟುತ್ತದೆ. ಸಾಲ ತಡೆಯಲೆಂದು ಹಿರಿಯರು ಬಿತ್ತಿದ ನಾಚಿಕೆಯೇ ಹೀಗೆ ಸಾಲದ ನೆರಳಾಗಿ ನಿಲ್ಲುತ್ತದೆ.

ಈ ಬುದ್ಧಿವಾದಗಳೆರಡರಲ್ಲಿಯೂ ಕೊರತೆಯಾಗಿರುವುದು ಲೆಕ್ಕ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಯೆಂದರೆ ಕಿವಿಗೆ ಅಲ್ಪವಾಗಿ ತೋರುತ್ತದೆ. ವರ್ಷಕ್ಕೆ ಅದು ಶೇಕಡಾ 60. 10,000 ರೂಪಾಯಿಗೆ ತಿಂಗಳಿಗೆ 500ರಂತೆ 20 ತಿಂಗಳು ತೆತ್ತರೆ ಬಡ್ಡಿಯೇ ಅಸಲಿನಷ್ಟಾಗುತ್ತದೆ. ಅಸಲು ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಂತಿನ ಸಾಲದಲ್ಲಿಯೂ ಇಂಥದೇ ಮರುಳಿದೆ. 12,000 ರೂಪಾಯಿಗೆ ವರ್ಷಕ್ಕೆ ಶೇಕಡಾ 12ರಂತೆ 1,440 ಬಡ್ಡಿಯನ್ನು ಮೊದಲೇ ಕೂಡಿಸಿ 12 ಸಮ ಕಂತುಗಳಲ್ಲಿ ವಸೂಲು ಮಾಡಿದರೆ, ಅಸಲು ತಿಂಗಳುತಿಂಗಳೂ ಇಳಿಯುತ್ತ ಹೋಗುವುದರಿಂದ, ನಿಜವಾದ ಬಡ್ಡಿ ಶೇಕಡಾ 21ನ್ನು ಮೀರುತ್ತದೆ. ಇದನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಹಲಗೆಯ ಮೇಲೆ ಬಿಡಿಸಬಲ್ಲನು. ಆದರೆ ಬಿಡಿಸಿ ತೋರಿಸುವ ತಂದೆತಾಯಿಗಳು ವಿರಳ.

ಸಾಲವೇ ಪಾಪವಲ್ಲವೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಂಘವು ತಲೆಯೆತ್ತಿತು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಯೆಂದು ಅದು ಪ್ರಸಿದ್ಧವಾಗಿದೆ. ಅಂದಿನ ಗ್ರಾಮ ಸಂಘಗಳಲ್ಲಿ ಸದಸ್ಯರ ಹೊಣೆ ಸಾಮಾನ್ಯವಾಗಿ ಅಪರಿಮಿತವಾಗಿತ್ತು. ಆದುದರಿಂದ ಒಬ್ಬನ ಸಾಲವು ಎಲ್ಲರ ಕಾಳಜಿಯಾಗಿತ್ತು: ಏತಕ್ಕೆ, ಎಷ್ಟು, ಯಾವ ಸುಗ್ಗಿಗೆ ಮರಳುವುದು ಎಂಬುದು ಬೆಳಕಿನಲ್ಲಿ ನಡೆಯುವ ಮಾತಾಗಿತ್ತು. ಬೆಳಕಿನಲ್ಲಿ ಮಾಡಿದ ಸಾಲ ಬಿತ್ತನೆಯ ಬೀಜ; ಕತ್ತಲೆಯಲ್ಲಿ ಮಾಡಿದುದು ಕಳೆ.

2025ರಲ್ಲಿ ಕರ್ನಾಟಕ ಸರ್ಕಾರವು ಕಿರುಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯಲು ಕಾನೂನು ತಂದಿತು. ಬಾಗಿಲಿಗೆ ಬಂದ ಪೀಡೆಯನ್ನು ಕಾನೂನು ತಡೆಯಬಲ್ಲದು. ಸಾಲದ ಕಾಗದಕ್ಕೆ ಹೆಬ್ಬೆಟ್ಟೊತ್ತುವ ಮೊದಲಿನ ವಿವೇಕವನ್ನು ಮನೆಯೇ ಕೊಡಬೇಕು. ತಿಂಗಳಿಗೊಮ್ಮೆ ಮನೆಯ ಜಮಾಖರ್ಚನ್ನು ಬೆಳೆದ ಮಕ್ಕಳ ಮುಂದೆ ಓದುವುದು, ಇರುವ ಸಾಲವನ್ನು ಅವರಿಂದ ಮರೆಮಾಡದಿರುವುದು, ಅದರ ಬಡ್ಡಿಯನ್ನು ಅವರ ಕೈಯಿಂದಲೇ ಕಟ್ಟಿಸಿ ನೋಡುವುದು ಹಿರಿಯರ ಕರ್ತವ್ಯ. ಗಣಿತದ ಅಧ್ಯಾಪಕರು ಬಡ್ಡಿಯ ಲೆಕ್ಕಕ್ಕೆ ಊರಿನ ಕಂತಿನ ಚೀಟಿಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಶಾಲೆಯೂ ಇದರಲ್ಲಿ ಪಾಲುಗೊಂಡಂತಾಗುವುದು. ‘ಸಾಲ ಮಾಡಬೇಡ’ ಎಂಬುದು ಅರ್ಧ ಹಿತನುಡಿ. ‘ಮಾಡಬೇಕಾದರೆ ನನ್ನೊಡನೆ ಕುಳಿತು ಲೆಕ್ಕ ಹಾಕು, ತೊಡಕಾದರೆ ಅಂಜದೆ ಬಂದು ಹೇಳು’ ಎಂಬುದು ಉಳಿದರ್ಧ. ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿಗಳಲ್ಲಿ ಈ ಉಳಿದರ್ಧಕ್ಕೆ ತೆರಿಗೆಯೂ ಇಲ್ಲ, ಪಾಲೂ ಇಲ್ಲ.